ಎಲೆಬಳ್ಳಿಯ ಮೈಲಿಗೆ

ನನ್ನ ಹೇಡಿತನಕ್ಕೆ ಚಳಿಯನ್ನು ದೂರುವುದು ಸುಲಭ. ಅರವತ್ತರ ದಶಕದ ಆ ಪುಷ್ಯಮಾಸದಲ್ಲಿ ನಾಗಮಂಗಲದ ಕಡೆ ಅಂಥ ಚಳಿಯೇ ಬಿತ್ತು. ನಾಲ್ಕು ದಿನ ಮಂಜು ಹತ್ತು ಗಂಟೆಯಾದರೂ ಏಳಲಿಲ್ಲ. ಐದನೆಯ ದಿನ ನೋಡಿದರೆ ಹಿತ್ತಲಿನ ಕುಂಬಳದ ಬಳ್ಳಿ ನೆಲಕ್ಕಂಟಿತ್ತು, ಬದನೆ ಗಿಡ ಜೋತುಬಿದ್ದಿತ್ತು, ಹಾಲುವಾಣದ ಮರಕ್ಕೆ ಹಬ್ಬಿಸಿದ್ದ ವೀಳ್ಯದೆಲೆ ಬಳ್ಳಿ ಬುಡದಿಂದ ತುದಿಯವರೆಗೆ ಕಪ್ಪಾಗಿತ್ತು.

ಅವ್ವನ ಕಣ್ಣಿಗೆ ಬಿದ್ದದ್ದು ಎಲೆಬಳ್ಳಿ ಮಾತ್ರ. ಮುಟ್ಟಾದ ಹೆಂಗಸಿನ ಕೈ ತಾಗಿದರೆ ಅದು ಉಳಿಯುವುದಿಲ್ಲವೆಂದು ಊರೇ ನಂಬಿತ್ತು. ಹಿಂದಿನ ಸಂಜೆ ಎಲೆ ಕೊಯ್ದವಳು ನನ್ನ ಹೆಂಡತಿ ಯಶೋದೆ. ಅವ್ವ ಮಗಳ ಬಾಣಂತನ ಮುಗಿಸಿಕೊಂಡು ಕೆ.ಆರ್. ಪೇಟೆಯಿಂದ ಬಂದು ಇನ್ನೂ ವಾರವಾಗಿರಲಿಲ್ಲ.

"ದಿಟ ಯೋಳು. ಒರ್ಗಾಗಿದ್ದೂ ಮುಚ್ಚಿಟ್ಕೊಂಡು ಬಳ್ಳಿ ಮುಟ್ಟಿದ್ದೀಯ, ಅಲ್ವಾ? ನಾನಿಲ್ದಾಗ ಮನೇಲಿ ಇಂಗೇಯಾ ನಡ್ಸಿದ್ದು?"

"ಇಲ್ಲ ಅತ್ತೆ," ಎಂದಷ್ಟೇ ಅಂದು ಯಶೋದೆ ನನ್ನ ಕಡೆ ನೋಡಿದಳು.

ಅವಳಿಗಾಗ ಎರಡೂವರೆ ತಿಂಗಳು. ಹಿಂದೆ ಎರಡು ಸಲ ಅವಸರಪಟ್ಟು ಊರಿಗೆಲ್ಲ ಹೇಳಿಕೊಂಡಿದ್ದೆವು, ಎರಡು ಸಲವೂ ನಿಲ್ಲಲಿಲ್ಲ. ಈ ಸಲ ಮೂರು ತುಂಬುವವರೆಗೆ ಹೆತ್ತ ತಾಯಿಗೂ ಉಸಿರಬಾರದೆಂದು ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು ಆಣೆ ಹಾಕಿಸಿದ್ದಳು. ಈಗ ಅವಳೇ ಹೇಳಿದರೆ ಮೈಲಿಗೆ ಮುಚ್ಚಲು ಕಟ್ಟಿದ ಕಥೆ ಅನ್ನುತ್ತಾರೆ. ನಾನು ಹೇಳಬೇಕಿತ್ತು. ಆಣೆಯನ್ನು ಬಿಟ್ಟುಕೊಟ್ಟೇ ಅವಳು ನನ್ನನ್ನು ನೋಡಿದ್ದಳು, ಅದು ನನಗೆ ಚೆನ್ನಾಗಿ ತಿಳಿಯಿತು.

"ಓಗ್ಲಿ ಬುಡವ್ವ, ಚಳಿಗೆ ಓಗಿರ್ಬೇಕು," ಅಂದೆ.

"ನಾ ಕಾಣದ್ ಚಳಿಯೇನ್ಲಾ? ನಾನು ಈ ಮನೆಗ್ ಬಂದ ವರ್ಸ ನೆಟ್ಟಿದ್ ಬಳ್ಳಿ ಕಣ್ಲಾ ಅದು!"

ಅವ್ವ ಅಳುತ್ತಲೇ ಚಾಪೆ, ಕಂಬಳಿಯನ್ನು ಮುಟ್ಟಾದವರು ಕೂರುವ ಹಿತ್ತಲಿನ ಗುಡಿಸಲಿಗೆ ಎಸೆದಳು. ಯಶೋದೆ ಮೈಮೇಲೆ ತಣ್ಣೀರು ಸುರಿದುಕೊಂಡು ಒಳಗೆ ಹೋದಳು. ಸೋಗೆಯ ತಡಿಕೆ ಬಿಟ್ಟರೆ ಆ ಗುಡಿಸಲಿಗೆ ಗೋಡೆಯೂ ಇರಲಿಲ್ಲ.

ಮೂರು ದಿನ. ಮಡಕೆಯಲ್ಲಿ ಕೆಂಡ ತುಂಬಿ ಬಾಗಿಲಿಗೆ ಇಟ್ಟು ಬಂದೆ, ಅವಳು ನನ್ನ ಕಡೆ ಮುಖ ತಿರುಗಿಸಲಿಲ್ಲ. ಎರಡನೆಯ ದಿನ ತಟ್ಟೆಯ ಮುದ್ದೆ ಹಾಗೇ ವಾಪಸು ಬಂತು. ಆಣೆ ಮುರಿದರೆ ಮಗುವಿಗೆ ಕೇಡು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಸುಳ್ಳ ನಾನು! ನಾನು ಹೆದರಿದ್ದು ಅವ್ವನ ಬಾಯಿಗೆ, ಅಷ್ಟೇ.

ನಾಲ್ಕನೆಯ ಬೆಳಗ್ಗೆ ಅವ್ವನ ಸಿಟ್ಟು ಇಳಿದಿತ್ತು. ಹಂಡೆ ತುಂಬ ನೀರು ಕಾಯಿಸಿ, ಸೀಗೆಪುಡಿ ಕಲಸಿಟ್ಟು, ಗುಡಿಸಲ ಮುಂದೆ ನಿಂತು ಕರೆದಳು.

"ಎದ್ ಬಾ ಮಗ, ತಲೆಗ್ ಬಿಸಿನೀರು ಉಯ್ತೀನಿ."

ಒಳಗಿನಿಂದ ಯಶೋದೆಯ ದನಿ ಬಂತು. "ಬ್ಯಾಡಿ ಅತ್ತೆ. ಈಗ ದಿಟವಾಗ್ಲೂ ಒರ್ಗಾಗಿವ್ನಿ."

ಅವ್ವನಿಗೆ ಅರ್ಥವಾಗಲಿಲ್ಲ. ತಂಬಿಗೆ ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ಏನ್ಲಾ ಅಂಗಂದ್ರೆ?" ಅಂದಳು.

ಆಗ ಹೇಳಿದೆ. ಆಗ ಹೇಳಲು ನನಗೆ ಯಾವ ಅಡ್ಡಿಯೂ ಇರಲಿಲ್ಲ.