ಅಂಬಾರಾಯ ಹೇಳಿದ ಕೊನೆಯ ಹೆಸರು

ಕೂರಿಸಿದಷ್ಟು ಸಲವೂ ಅಂಬಾರಾಯ ಎಡಕ್ಕೇ ವಾಲುತ್ತಿದ್ದ. ಕಾಲೇಜಿನ ಕಬಡ್ಡಿ ತಂಡದ ಭೀಮು ಹೆಗಲು ಹಿಡಿದು ನೆಟ್ಟಗೆ ಮಾಡಿ ಗೋಡೆಗೆ ಆನಿಸಿದ. ಅವನ ಜೊತೆಗಾರ ಮುದುಕ ಈರಬಸಪ್ಪ ಹೆಣದ ಎದೆಗೆ ಧೋತರ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ. ಗಂಟು ಬಿಗಿದು ಕೈ ತೆಗೆದದ್ದೇ ತಡ, ಹೆಣ ಮತ್ತೆ ಎಡಕ್ಕೆ ಹೊರಳಿತು. ಎಡಕ್ಕೆ, ಓಣಿ ದಾಟಿದರೆ, ಕಾಲೇಜಿನ ಮೈದಾನ.

"ಸತ್ತರೂ ಕಬಡ್ಡಿ ನೋಡೂದು ಬಿಡವಲ್ಲ," ಎಂದ ಈರಬಸಪ್ಪ. "ದವಾಖಾನಿಯಿಂದ ಆಯ್ತವಾರ ನಡಕೋತ ಮನಿಗೆ ಬರ್ತೀನಿ ಅಂದಿದ್ದ. ಅರ್ಧ ಖರೇ ಆತು."

ಅಳುತ್ತಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುವಿಗೋ ನಗೆಗೋ, ನೋಡಿದವರಿಗೆ ತಿಳಿಯಲಿಲ್ಲ.

ಪುಣೆಯ ಕೊಂಢವಾ ಬಡಾವಣೆಯ ಆ ಕನ್ನಡಿಗರ ಓಣಿಯಲ್ಲಿ ಕಾಲೇಜು ತಂಡದ ಹುಡುಗರೆಲ್ಲ ತಲೆ ತಗ್ಗಿಸಿ ನಿಂತಿದ್ದರು. ದುಃಖವಿತ್ತು, ಸುಳ್ಳಲ್ಲ. ಆದರೆ ದುಃಖಕ್ಕಿಂತ ಒಂದು ತೊಲ ಹೆಚ್ಚಾಗಿ ಕುತೂಹಲವಿತ್ತು. ಆಸ್ಪತ್ರೆಯಲ್ಲಿ ಕಣ್ಣು ಮುಚ್ಚುವ ಮೊದಲು ಅಂಬಾರಾಯ ಹೆಂಡತಿ ಶರಣಮ್ಮನ ಕಿವಿಯಲ್ಲಿ ಈ ವರ್ಷದ ಹೆಸರು ಹೇಳಿದ್ದನಂತೆ. ಯಾರ ಹೆಸರು? ತಂಡದ ಕಿಶೋರ ಸಕ್ಕರೆ ಕೊಡುವ ನೆಪದಲ್ಲಿ ಒಳಗೆ ಹೋಗಿ ಕೇಳಿ ಬಂದಿದ್ದ. ಮುದುಕಿ ಸಕ್ಕರೆ ಇಸಗೊಂಡಳು, ಬಾಯಿ ಬಿಡಲಿಲ್ಲ.

*

ಅಂಬಾರಾಯ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುವ ಹಮಾಲ. ಹಗಲೆಲ್ಲ ಬೆನ್ನ ಮೇಲೆ ಚೀಲ, ಸಂಜೆಯಾದರೆ ಮೈದಾನದ ಕಟ್ಟೆ. ಪುಣೆಯ ದೊಡ್ಡ ಕಬಡ್ಡಿ ತಂಡದವರು ಪ್ರತಿ ವರ್ಷ ಕಾಲೇಜು ಹುಡುಗರಲ್ಲಿ ಒಬ್ಬಿಬ್ಬರನ್ನು ಆರಿಸಿಕೊಳ್ಳುತ್ತಿದ್ದರು. ಅವರಿಗಿಂತ ಮೊದಲೇ ಅಂಬಾರಾಯ ಆರಿಸುತ್ತಿದ್ದ. ಕಟ್ಟೆಯ ಮೇಲೆ ನಿಂತು, ಯಾರ್ಡಿನಲ್ಲಿ ಲಿಲಾವು ಕೂಗುವವರ ದನಿಯಲ್ಲಿ, "ಕೇಳ್ರೆಪ್ಪೋ, ಈ ಹುಡುಗನ್ನ ಒಯ್ತಾರ" ಎಂದು ಸಾರುತ್ತಿದ್ದ.

ಒಂದು ವರ್ಷವೂ ಒಯ್ದಿರಲಿಲ್ಲ. ಅವನು ಹೆಸರು ಹೇಳಿದ ಒಬ್ಬ ಹುಡುಗ ಬಸ್ಸು ಇಳಿಯುವಾಗ ಕಾಲು ಮುರಿದುಕೊಂಡ. ಇನ್ನೊಬ್ಬ ಆಯ್ಕೆಯ ದಿನವೇ ಸೋದರಮಾವನ ಮಗಳಿಗೆ ತಾಳಿ ಕಟ್ಟಬೇಕಾಯಿತು. ಮತ್ತೊಬ್ಬನ ಕತೆ ಓಣಿಯವರ ಬಾಯಲ್ಲೇ ಕೇಳಬೇಕು. ಕಾತ್ರಜದ ಹತ್ತಿರ ಎಮ್ಮೆಯೊಂದು ಅವನ ಬೆನ್ನು ಹತ್ತಿ, ಇಬ್ಬರೂ ಓಡಿ ಓಡಿ ಹರದಾರಿಗಟ್ಟಲೆ ದೂರದ ಸಾಸವಾಡ ಮುಟ್ಟಿದರಂತೆ. ಎಮ್ಮೆಯನ್ನು ಅಲ್ಲಿಯೇ ಯಾರೋ ಕೊಂಡರು, ಹುಡುಗನನ್ನು ಯಾರೂ ಕೇಳಲಿಲ್ಲ.

ಹೀಗಾಗಿ ಆಟಗಾರರು ಅವನಿಗೆ ಚಹಾ ಕುಡಿಸುತ್ತಿದ್ದರು, ಹೆಸರು ಹೇಳದಿರಲಿ ಎಂದು. ಅವನು ಚಹಾ ಕುಡಿಯುತ್ತಿದ್ದ, ಹೆಸರನ್ನೂ ಹೇಳುತ್ತಿದ್ದ.

ಭೀಮು ಕುಡಿಸಿದ್ದು ಮೊನ್ನೆ ಮೊನ್ನೆ, ಅಂಬಾರಾಯ ಹಾಸಿಗೆ ಹಿಡಿಯುವ ಮುಂಚೆ. ಅವತ್ತಿನ ಪಂದ್ಯದಲ್ಲಿ ಎದುರಾಳಿಯೊಬ್ಬನನ್ನು ಭೀಮು ಕಾಲು ಹಿಡಿದು ಕೆಡವಿದ್ದ. ಎಲ್ಲರೂ ಕುಣಿಯುತ್ತಿದ್ದಾಗ ಇವನು ಬಿದ್ದವನ ಕೈ ಹಿಡಿದು ಎಬ್ಬಿಸಿದ್ದ. ಅಂಬಾರಾಯ ಕರೆದು ಕೂರಿಸಿಕೊಂಡು ಕೇಳಿದ, "ಅವನ್ನ ಯಾಕ ಎಬ್ಬಿಸಿದೆಲೇ?"

"ನನ್ನ ಮ್ಯಾಲೇ ಬಿದ್ದಿದ್ದ ರೀ ಕಾಕಾ. ಅವ ಏಳದ ನಾ ಹ್ಯಾಂಗ ಏಳ್ಲಿ?"

ಅಂಬಾರಾಯ ಕೆಮ್ಮು ಬರುವ ತನಕ ನಕ್ಕ. ಅದೇ ಸಮಯ ನೋಡಿ ಭೀಮು ಮೆಲ್ಲಗೆ ಹೇಳಿದ, ಇದು ಕಾಲೇಜಿನ ಕೊನೆಯ ವರ್ಷ, ಈ ಸಲ ತಂಡಕ್ಕೆ ಹೋಗದಿದ್ದರೆ ಅಪ್ಪನ ಜೊತೆ ಸ್ಲ್ಯಾಬ್ ಹಾಕುವ ಕೆಲಸಕ್ಕೇ ನಿಲ್ಲಬೇಕು.

"ನನ್ನ ಹೆಸರೊಂದು ಹೇಳಬ್ಯಾಡ್ರಿ, ಕೈ ಮುಗೀತೀನಿ."

ಅಂಬಾರಾಯ ಬಶಿಯಲ್ಲಿ ಉಳಿದ ಚಹಾ ಸುರ್ರೆಂದು ಎಳೆದ. ಬಶಿ ಕೆಳಗಿಟ್ಟು ಮತ್ತೆ ಮೈದಾನದ ಕಡೆ ತಿರುಗಿದ.

*

ಆಯ್ಕೆ ಇವತ್ತೇ. ಕಾಲೇಜು ತಂಡದ ಕೋಚ್ ಹರಿಶ್ಚಂದ್ರ ಸರ್ ಉಡುಪಿಯ ಕಡೆಯವರು, ಬೆಳಿಗ್ಗೆಯೇ ಕೋಥರೂಡದಲ್ಲಿದ್ದ ದೊಡ್ಡ ತಂಡದ ಆಫೀಸಿಗೆ ಹೋಗಿದ್ದರು. ಹೋಗುವಾಗ ಭೀಮುವಿಗೆ ಹೇಳಿದ್ದರು, "ಆರಿಸಿದ್ರೆ ಮಾತ್ರ ನಾನು ಫೋನ್ ಮಾಡ್ತೇನೆ ಮಾರಾಯ. ಬರ್ಲಿಲ್ಲ ಅಂದ್ರೆ ನೀನೇ ಅರ್ಥ ಮಾಡ್ಕೊ." ಸಾವಿನ ಮನೆಯೆಂದು ಭೀಮು ಫೋನಿನ ಸದ್ದು ತೆಗೆದು, ವೈಬ್ರೇಷನ್ನಿಗೆ ಹಾಕಿ, ಅಂಗಿಯ ಮೇಲಿನ ಜೇಬಿನಲ್ಲಿಟ್ಟುಕೊಂಡಿದ್ದ. ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು, ಫೋನು ತೆಪ್ಪಗಿತ್ತು.

ಮಧ್ಯಾಹ್ನ ಹೆಣ ಎತ್ತುವ ಹೊತ್ತು. ಮುಂದಿನ ಬೊಂಬಿಗೆ ಭೀಮು ಹೆಗಲು ಕೊಟ್ಟ. ಶರಣಮ್ಮ ಹತ್ತಿರ ಬಂದು, ಬೊಂಬು ಒತ್ತದಿರಲೆಂದು ಅವನ ಹೆಗಲ ಮೇಲೆ ಗಂಡನ ಟವೆಲ್ಲು ಮಡಚಿ ಇಟ್ಟಳು.

"ನಿನ್ನ ಹೆಸರಽ ಹೇಳ್ಯಾನಪ್ಪ," ಎಂದಳು.

ಹಿಂದಿದ್ದ ಕಿಶೋರನಿಗೂ ಕೇಳಿಸಿತ್ತು. ಅವನು ಮೊದಲು ಉಸ್ಸೆಂದು ಉಸಿರು ಬಿಟ್ಟ, ಆಮೇಲೆ ನಾಚಿಕೆಯಾಗಿ ಕೆಮ್ಮಿದ.

"ಬ್ಯಾಡ ಅಂದಿದ್ದೆ ಯವ್ವಾ," ಎಂದ ಭೀಮು.

"ಅಂವ ಓಡೂದು, ಹಿಡಿಯೂದು ಎಲ್ಲಿ ನೋಡ್ತಿದ್ದ? ಬಿದ್ದವರನ್ನ ಯಾರು ಎಬ್ಬಸ್ತಾರ ಅಂತ ನೋಡ್ತಿದ್ದ. ಯಾರ್ಡಿನ್ಯಾಗ ಚೀಲದ ಥಪ್ಪಿ ಕುಸದು ಇವನ ಮ್ಯಾಲೆ ಬಿದ್ದಾಗ ಈರಬಸಪ್ಪಣ್ಣ ಎಳದು ತಗದಿದ್ನಲ್ಲ, ಅವತ್ತಿನಿಂದ ಹಿಂಗಽ. ತಂಡದವರಿಗೆ ಅದು ಯಾತಕ್ಕ ಬೇಕು ಅಂತ ನಾನೂ ಬಡಕೊಂಡೆ. ಬೇಕಾಗಬೇಕು ಅಂತಿದ್ದ."

ಹೇಳಿ ಮುಗಿಸಿ ಅವಳು ಟವೆಲ್ಲನ್ನು ಇನ್ನೊಮ್ಮೆ ಸರಿಮಾಡಿದಳು. ಬೊಂಬು ಮೇಲೆದ್ದಿತು. ದಾರಿಯುದ್ದಕ್ಕೂ ಜೇಬು ತಣ್ಣಗೇ ಇತ್ತು.

*

ಕುಣಿಯೊಳಗೆ ಈರಬಸಪ್ಪ ತಾನೇ ಇಳಿದ. ಅಂಬಾರಾಯನನ್ನು ಪಟ್ಟಾಗಿ ಕೂರಿಸಿ, ಹಣೆಗೆ ಇಬತ್ತಿ ಬಳಿದು, ಮಡಿಲ ತುಂಬ ಬಿಲ್ವಪತ್ರೆ ಇಟ್ಟ. ಇಲ್ಲಿ ಮಾತ್ರ ಅಂಬಾರಾಯ ಯಾವ ಕಡೆಗೂ ವಾಲಲಿಲ್ಲ. ಎಲ್ಲ ಮುಗಿದ ಮೇಲೆ ನೋಡಿದರೆ ಈರಬಸಪ್ಪನಿಗೆ ಹತ್ತಲು ಬರುತ್ತಿಲ್ಲ. ಇಳಿಯುವಾಗ ಇದ್ದ ಹುರುಪು ಮೊಳಕಾಲಿನಲ್ಲಿ ಉಳಿದಿರಲಿಲ್ಲ.

"ಏಳಸ್ರೆಪ್ಪಾ, ಇಲ್ಲಂದ್ರ ನನ್ನ ಮ್ಯಾಲೂ ಮಣ್ಣ ಎಳೀತೀರಿ."

ಯಾರು ಹೋಗಬೇಕೆಂದು ಜನ ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಭೀಮು ಅಂಚಿನಲ್ಲಿ ಮೊಳಕಾಲೂರಿ ಬಗ್ಗಿದ್ದ. ಮುದುಕನ ಎರಡೂ ಮಣಿಕಟ್ಟು ಹಿಡಿದು, ಎದುರಾಳಿಯನ್ನು ಗೆರೆಯೊಳಗೆ ಎಳೆಯುವಂತೆ ಎಳೆದ. ಈರಬಸಪ್ಪ ಅರ್ಧ ಮೇಲೆ ಬಂದು ತೂಗಾಡುತ್ತಿದ್ದಾಗ ಭೀಮುವಿನ ಜೇಬಿನಿಂದ ಫೋನು ಜಾರಿತು. ಒಂದು ಪಲ್ಟಿ ಹೊಡೆದು ಅಂಬಾರಾಯನ ಮಡಿಲಲ್ಲಿ, ಪತ್ರೆಯ ಮೇಲೆ, ಮೆತ್ತಗೆ ಕೂತಿತು. ಕೂತದ್ದೇ ಗುಂಯ್ ಎಂದಿತು.

ಮಣ್ಣು ಹಾಕಲು ಬಂದವರೆಲ್ಲ ಬಗ್ಗಿದರು. ಕಿಶೋರ ಕುಣಿಯ ಅಂಚಿಗೆ ಹೊಟ್ಟೆ ಹಚ್ಚಿ ಮಲಗಿ ಕಣ್ಣು ಕಿರಿದು ಮಾಡಿ ಓದಿದ.

"ಹರಿಶ್ಚಂದ್ರ ಸರ್ ಅಂತ ಬಂದದಲೇ."

"ನನ್ನ ಬಿಟ್ಟೀಯಪ್ಪೋ," ಎಂದ ಈರಬಸಪ್ಪ, ಕಾಲು ಗಾಳಿಯಲ್ಲಿ.

"ಬಿಡೂದಿಲ್ಲ ಮುತ್ಯಾ," ಎಂದ ಭೀಮು. ಹಿಡಿತ ಸಡಿಲಿಸದೆ, ಕಣ್ಣು ಮಾತ್ರ ಕೆಳಗಿಳಿಸಿದ. ಫೋನಿನ ಬೆಳಕು ಅಂಬಾರಾಯನ ಗದ್ದಕ್ಕೆ ಬಡಿಯುತ್ತಿತ್ತು. ಅವನ ಮಡಿಲಲ್ಲಿ ಬಿಲ್ವಪತ್ರೆಗಳು ಗುಂಯ್ ಗುಂಯ್ ಎಂದು ನಡುಗುತ್ತಿದ್ದವು.