ಹಲ್ಲು ನೋಡುವ ಕನ್ನಡಿ

ಎಡಗಾಲಿನ ತುದಿಯನ್ನು ಫುಟ್‌ಪಾತಿನ ಕಲ್ಲಿಗೆ ಊರಿ, ಬಲಗಾಲನ್ನು ಪೆಡಲಿನ ಮೇಲಿಟ್ಟು, ಅವಳು ಆಗಲೇ ಮೂರು ಸಲ ಹೊರಟು ಮೂರು ಸಲವೂ ನಿಂತಿದ್ದಳು. ಎದುರಿಗೆ ಐದು ರಸ್ತೆಗಳು ಬಂದು ಕೂಡುವ ಸರ್ಕಲ್ಲು. ನೇರ ಹೋಗುವವರಿಗೆ ಕೆಂಪು ದೀಪ, ಹಸಿರು ದೀಪ ಎಲ್ಲ ಸರಿಯಾಗಿದ್ದವು. ಬಲಕ್ಕೆ ತಿರುಗುವವರ ದೀಪ ಮಾತ್ರ ಕೆಟ್ಟು ಎಷ್ಟೋ ಕಾಲವಾಗಿ, ಹಳದಿ ಕಣ್ಣೊಂದನ್ನು ಪಿಳಿಪಿಳಿ ಬಿಡುತ್ತಿತ್ತು. ರಸ್ತೆಯ ಎಡ ಅಂಚಿನಿಂದ ಬಸ್ಸು ಲಾರಿಗಳ ಎರಡು ಸಾಲನ್ನು ಕತ್ತರಿಸಿ ನಡುವಿಗೆ ಸರಿಯಬೇಕು, ಅಲ್ಲಿಂದ ಬಲಕ್ಕೆ ಹೊರಳಬೇಕು. ಸೈಕಲ್ಲಿನ ಬುಟ್ಟಿಯಲ್ಲಿ, ಒದ್ದೆ ಹತ್ತಿ ಹಾಸಿದ ಡಬ್ಬಿಯೊಳಗೆ, ನಿವೃತ್ತ ಮೇಷ್ಟ್ರೊಬ್ಬರ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದನ್ನೊಂದು ಕಚ್ಚಿಕೊಂಡು ಕುಳಿತಿದ್ದವು. ಹನ್ನೊಂದು ಗಂಟೆಗೆ ಅವು ಆಚೆ ಬದಿಯ ಹಲ್ಲಿನ ದವಾಖಾನೆಯನ್ನು ಸೇರಬೇಕಾಗಿತ್ತು.

ಹತ್ತನೆಯ ವಯಸ್ಸಿನಲ್ಲಿ ಉಯ್ಯಾಲೆಯಿಂದ ಬಿದ್ದ ದಿನದಿಂದ ಅವಳ ಕತ್ತು ಬಲಕ್ಕೆ ಹೊರಳುತ್ತಿರಲಿಲ್ಲ. ಯಾರಾದರೂ ಆ ಕಡೆಯಿಂದ ಕರೆದರೆ ಸೊಂಟದಿಂದ ಮೇಲಿನ ಮೈಯನ್ನೆಲ್ಲ ತಿರುಗಿಸಿ ನೋಡುತ್ತಿದ್ದಳು. ನೆಲದ ಮೇಲೆ ಅದು ನಡೆಯುತ್ತಿತ್ತು. ಸೈಕಲ್ಲಿನ ಮೇಲೆ ನಡೆಯುವ ಮಾತೇ ಅಲ್ಲ. ಹಾಗಿದ್ದೂ ಅವಳು ಹತ್ತೊಂಬತ್ತು ವರ್ಷ ಈ ಸರ್ಕಲ್ಲನ್ನು ದಿನಕ್ಕೆರಡು ಬಾರಿ ದಾಟಿದ್ದಳು. ಏಕೆಂದರೆ ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ ಗಂಡನಿರುತ್ತಿದ್ದ. ಲಿಫ್ಟು ರಿಪೇರಿಯವನು, ಹತ್ತು ಮಹಡಿಯ ಬಾವಿಯಂಥ ಗೂಡುಗಳಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಕೂಗಿ ಕೂಗಿ ಪಳಗಿದ ಗಂಟಲು. "ತಡಿ... ತಡಿ... ಹೂಂ, ನಡಿ!" ಎಂದು ಅವನು ಕೂಗಿದರೆ ಬಸ್ಸಿನ ಹಾರನ್ನೂ ಅದರ ಕೆಳಗೆ ಅಡಗುತ್ತಿತ್ತು.

"ನಾನೇನು ಗಾಡಿ ಕುದುರೇನಾ, ಹಾಗೆ ಕೂಗ್ತೀರಲ್ಲ?" ಎಂದು ಮದುವೆಯಾದ ಹೊಸದರಲ್ಲಿ ಅವಳು ಸಿಡುಕಿದ್ದಳು.

"ಕುದುರೆಗಾದ್ರೂ ಕತ್ತು ತಿರುಗುತ್ತೆ ಕಣೇ," ಎಂದು ಅವನು ನಕ್ಕಿದ್ದ. "ನೀನು ಮುಂದೆ ನೋಡು ಸಾಕು. ಹಿಂದೆ ನಾನಿದ್ದೀನಲ್ಲ."

ಆ ಮಾತನ್ನು ಅವಳು ತಾಳಿಗಿಂತ ಭದ್ರವಾಗಿ ಇಟ್ಟುಕೊಂಡಿದ್ದಳು. ಏಳು ತಿಂಗಳ ಹಿಂದೆ ಒಂದು ಭಾನುವಾರದ ಬೆಳಿಗ್ಗೆ, ಅಡುಗೆಮನೆಯ ಬಾಗಿಲಲ್ಲಿ ಚೀಲ ಹಿಡಿದು ನಿಂತು ಅವನು ಬೇರೆಯದೇ ಮಾತು ಆಡಿದ. "ಹತ್ತೊಂಬತ್ತು ವರ್ಷ ನಿನ್ನ ಬೆನ್ನು ನೋಡ್ಕೊಂಡೇ ಬಂದೆ. ಕಾಯೋದು ಸಾಕಾಗಿದೆ ಕಣೇ. ಯಾರನ್ನೂ ಕಾಯದೆ ಸ್ವಲ್ಪ ದಿನ ನನ್ನ ಪಾಡಿಗೆ ನಾನು ಇರ್ತೀನಿ. ಬೇರೆ ಏನೂ ಇಲ್ಲ." ಸರ್ಕಲ್ಲಿನ ಆಚೆ, ಬಟ್ಟೆ ಒಗೆಯುವ ಅಂಗಡಿಯ ಮಹಡಿಯಲ್ಲಿ ಕೋಣೆಯೊಂದನ್ನು ಹಿಡಿದ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ದಣಿದ ಮನುಷ್ಯ ಭಾರ ಇಳಿಸಿದ್ದಾನೆ. ಆ ಭಾರ ತಾನು. ತಾನು ಹಗುರವಾದರೆ ತಿರುಗಿ ಬಾರದೆ ಎಲ್ಲಿ ಹೋಗುತ್ತಾನೆ? ಲೆಕ್ಕ ಅವಳಿಗೆ ಅಷ್ಟು ಸರಳವಾಗಿ ಕಂಡಿತ್ತು. ಒಂದು ದಿನ, ಸಂದಣಿಯ ಹೊತ್ತಿನಲ್ಲೇ, ಯಾರ ಕೂಗೂ ಇಲ್ಲದೆ ಈ ಸರ್ಕಲ್ಲನ್ನು ದಾಟಿ ಹೋಗಿ ಅವನ ಬಾಗಿಲು ತಟ್ಟಿ, "ನಾನೊಬ್ಬಳೇ ದಾಟ್ಕೊಂಡು ಬಂದೆ" ಎನ್ನಬೇಕು. ಅಷ್ಟೇ. ಮಿಕ್ಕಿದ್ದು ಅವನಿಗೇ ಅರ್ಥವಾಗುತ್ತದೆ.

ಏಳು ತಿಂಗಳು ಅವಳು ಭಾನುವಾರಗಳಂದು, ರಸ್ತೆ ಇನ್ನೂ ಆಕಳಿಸುತ್ತಿರುವ ಹೊತ್ತಿನಲ್ಲಿ, ಅಭ್ಯಾಸ ಮಾಡಿದಳು. ಉಳಿದ ದಿನ ಸೈಕಲ್ಲನ್ನು ತಳ್ಳಿಕೊಂಡು, ನಡೆಯುವವರ ಜೊತೆ ನಾಲ್ಕು ಕಂತಿನಲ್ಲಿ ಸರ್ಕಲ್ಲು ಸುತ್ತಿದಳು. ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಅವಳ ಪಕ್ಕದ ಮೇಜಿನಲ್ಲಿ ಕೂತು ಮೇಣ ಕರಗಿಸುವ ಹೆಂಗಸನ್ನು ಎಲ್ಲರೂ ಮೇಣದಕ್ಕ ಎನ್ನುತ್ತಿದ್ದರು. ಕಳೆದ ವಾರ ಆ ಮೇಣದಕ್ಕ ಒಂದು ಉಪಾಯ ಹೂಡಿದಳು. ಡಾಕ್ಟರರು ಬಾಯೊಳಗೆ ತೂರಿಸಿ ದವಡೆ ನೋಡುತ್ತಾರಲ್ಲ, ಉದ್ದ ಹಿಡಿಯ, ನಾಣ್ಯದಗಲದ ದುಂಡು ಕನ್ನಡಿ, ಅಂಥದೊಂದನ್ನು ತಂದು ತಂತಿ ಸುತ್ತಿ, ಮೇಲೆ ಗುಲಾಬಿ ಮೇಣ ಮೆತ್ತಿ, ಸೈಕಲ್ಲಿನ ಹ್ಯಾಂಡಲ್ಲಿಗೆ ಕೂರಿಸಿದಳು.

"ತುತ್ತತುದಿಯ ದವಡೆ ಹಲ್ಲೇ ಕಾಣುತ್ತಂತೆ, ಹಿಂದೆ ಬರೋ ಬಸ್ಸು ಕಾಣಲ್ವಾ?"

"ಇಷ್ಟೇ ಇಷ್ಟು ಕಾಣುತ್ತಲ್ಲ, ಅಕ್ಕ."

"ಅಷ್ಟು ಕಂಡ್ರೆ ಸಾಕು. ಪೂರ್ತಿ ಬಸ್ಸು ನೋಡ್ಬೇಕು ಅಂದ್ರೆ ಟಿಕೆಟ್ ತಗೊಂಡು ಹತ್ತು." ಆಮೇಲೆ ದನಿ ತಗ್ಗಿಸಿ, "ನೀನು ದಾಟೋದು ಯಾರಿಗೋಸ್ಕರ ಅಂತ ನನಗೆ ಗೊತ್ತಿಲ್ವಾ? ಹೋಗು. ಕರೆದು ನೋಡು. ಆ ಮಹಾರಾಯನನ್ನ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದಿದ್ದಳು.

ಇವತ್ತು ಅವಳು ತಾನಾಗಿಯೇ ಕೇಳಿ ಮೇಷ್ಟ್ರ ಡಬ್ಬಿಯನ್ನು ಪಡೆದು ಹೊರಟಿದ್ದಳು. ದವಾಖಾನೆಯಿಂದ ಬಟ್ಟೆ ಒಗೆಯುವ ಅಂಗಡಿಗೆ ಎರಡೇ ಓಣಿ.

ನಾಲ್ಕನೆಯ ಸಲ ಕನ್ನಡಿ ನೋಡಿದಳು. ಅದರ ತುಂಬ ಬಸ್ಸೊಂದರ ಹಣೆ. ಹಣೆ ದೊಡ್ಡದಾಯಿತು, ಜಾರಿತು, ಬಿಸಿಗಾಳಿಯಾಗಿ ಪಕ್ಕದಲ್ಲೇ ಸರಿದುಹೋಯಿತು. ಒಂದು ಲಾರಿಯ ದೀಪ. ಒಂದು ಸ್ಕೂಟರು. ಆಮೇಲೆ ಬರೀ ಆಕಾಶದ ಚೂರು. "ತಡಿ... ತಡಿ..." ಎಂದಳು, ತನ್ನ ಬಾಯಿಂದಲೇ, ಅವನ ಮಾತನ್ನೇ. "ಹೂಂ, ನಡಿ."

ನಡೆದಳು. ಮೊದಲ ಸಾಲು, ಎರಡನೆಯ ಸಾಲು, ನಡುವಿನ ಬಿಳಿ ಗೆರೆ. ಕೈ ಚಾಚಿದಳು, ಎದುರಿನಿಂದ ಬರುತ್ತಿದ್ದ ವ್ಯಾನಿನವನು, ಏನನ್ನಿಸಿತೋ, ನಿಧಾನಿಸಿದ. ಚಕ್ರ ಬಲಕ್ಕೆ ಹೊರಳಿತು, ಇಡೀ ಸರ್ಕಲ್ಲು ಅವಳ ಎಡಗಡೆಗೆ ತಿರುಗಿತು, ಆಚೆ ರಸ್ತೆಯ ನೆರಳು ತಂಪಾಗಿ ಮುಖಕ್ಕೆ ಬಡಿಯಿತು. ಒಂದು ಕಂಬ ಹಿಡಿದು ನಿಂತಳು. ಬಾಯಿ ಕಿವಿಯವರೆಗೆ ನಗುತ್ತಿತ್ತು. "ದಾಟಿದೆ ರೀ," ಎಂದು ಕಂಬಕ್ಕೆ ಹೇಳಿದಳು.

ಆಗ ಹಿಂದಿನಿಂದ ಕೇಳಿಸಿತು.

"ತಡಿ... ತಡಿ... ಹೂಂ, ನಡಿ!"

ಅವಳ ಬಲಗಾಲು ತಾನಾಗಿಯೇ ಪೆಡಲು ಒತ್ತಿತು. ಸೈಕಲ್ಲು ಒಂದು ಮೊಳ ಮುಂದಕ್ಕೆ ಹೋಗಿ ನಿಂತಿತು. ಬಂದಿದ್ದಾನೆ, ನೋಡಿದ್ದಾನೆ, ಎಲ್ಲವನ್ನೂ ಹಿಂದೆ ನಿಂತು ನೋಡಿದ್ದಾನೆ! ಕತ್ತು ತಿರುಗಲಿಲ್ಲ. ಕನ್ನಡಿಗೆ ಬಗ್ಗಿದಳು.

ನಾಣ್ಯದಗಲದಲ್ಲಿ ಮೊದಲು ಕಂಡದ್ದು ಹೊಸ ಸೈಕಲ್ಲೊಂದರ ಕೆಂಪು ಹ್ಯಾಂಡಲ್ಲು, ಅದನ್ನು ಬಿಗಿಯಾಗಿ ಹಿಡಿದ ಎರಡು ಕೈ, ಹೆಲ್ಮೆಟ್ಟಿನೊಳಗೆ ಹೆದರಿಕೆಯಿಂದ ಅರಳಿದ ಒಂದು ಹೆಂಗಸಿನ ಮುಖ. ಆ ಮುಖ ಪಕ್ಕಕ್ಕೆ ಸರಿದಾಗ ಹಿಂದೆ ಅವನಿದ್ದ.

"ನಂಗಾಗಲ್ಲಪ್ಪ, ಇಳಿದುಬಿಡ್ತೀನಿ ರೀ!" ಎಂದು ಆ ಹೆಂಗಸು ನಗುತ್ತ ಕಿರುಚಿದಳು. ಹಾಗೆ ಕಿರುಚುತ್ತ ಕತ್ತನ್ನು ಹಿಂದಕ್ಕೆ ಹೊರಳಿಸಿ ಅವನನ್ನು ನೋಡಿದಳು. ಬಲಗಡೆಗೇ. ಎಣ್ಣೆ ಹಚ್ಚಿದ ತಿರುಪಿನಷ್ಟು ಸಲೀಸಾಗಿ.

"ಏ, ಹಿಂದೆ ಯಾಕೆ ನೋಡ್ತೀಯ? ನೀನು ಮುಂದೆ ನೋಡು ಸಾಕು. ಹಿಂದೆ ನಾನಿದ್ದೀನಲ್ಲ."

ಇಬ್ಬರೂ ಅವಳ ಪಕ್ಕದಲ್ಲೇ ಹಾದುಹೋದರು. ಕೈ ಚಾಚಿದ್ದರೆ ಅವನ ತೋಳು ಸಿಗುತ್ತಿತ್ತು. ಅಂಗಿಯ ತೋಳಿನ ಗ್ರೀಸಿನ ಕಲೆ, ತಾನು ಮೂರು ಸಲ ಒಗೆದೂ ಹೋಗದ ಕಲೆ, ಅವಳಿಗೆ ಕಂಡಿತು. ಅವನು ಅವಳನ್ನು ನೋಡಲಿಲ್ಲ. ನೋಡದ ಹಾಗೆ ನಟಿಸಲೂ ಇಲ್ಲ. ಮುಂದಿನವಳ ಬೆನ್ನು ಕಾಯುವಾಗ ಅವನ ಕಣ್ಣು ಆ ಬೆನ್ನನ್ನು ಬಿಟ್ಟು ಕೂದಲೆಳೆಯಷ್ಟೂ ಅತ್ತಿತ್ತ ಹೋಗದೆಂಬುದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಮುಖದಲ್ಲಿ ದಣಿವು ಇರಲಿಲ್ಲ. ಹುಡುಕಿದಳು, ಎಲ್ಲೂ ಇರಲಿಲ್ಲ. ಎರಡು ಸೈಕಲ್ಲುಗಳೂ ಒಂದರ ಹಿಂದೊಂದು ಬಟ್ಟೆ ಒಗೆಯುವ ಅಂಗಡಿಯ ಓಣಿಗೆ ತಿರುಗಿದವು.

ದವಾಖಾನೆಯಲ್ಲಿ ಮೇಷ್ಟ್ರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕಾಯುತ್ತಿದ್ದರು. ಹಳೆಯ ಸೆಟ್ಟು ಮುರಿದ ಮೂರು ವಾರದಿಂದ ಅವರು ಮನೆಯಲ್ಲಿ ಯಾರೊಂದಿಗೂ ಮಾತಾಡಿರಲಿಲ್ಲವೆಂದು ಜೊತೆಗೆ ಬಂದ ಸೊಸೆ ಹೇಳಿ, "ಮನೆ ತುಂಬಾ ಶಾಂತವಾಗಿತ್ತು," ಎಂದು ಸೇರಿಸಿದಳು. ಡಾಕ್ಟರರು ಸೆಟ್ಟನ್ನು ಕೂರಿಸಿ, ಒಸಡು ಒತ್ತಿ ನೋಡಿ, "ಸರ್, ಏನಾದ್ರೂ ಮಾತಾಡಿ. ಸಕಾರ, ಶಕಾರ ಇರೋದು. ಗಾಳಿ ಸೋರುತ್ತಾ ನೋಡೋಣ," ಎಂದರು.

ಮೇಷ್ಟ್ರು ಬಾಗಿಲಲ್ಲಿ ಖಾಲಿ ಡಬ್ಬಿ ಹಿಡಿದು ನಿಂತಿದ್ದವಳನ್ನು ಕಂಡು, ಬಿಗಿದ ಬಾಯಿಂದಲೇ ಕೇಳಿದರು: "ಇದನ್ನ ಮಾಡಿದವಳು ನೀನೇನಮ್ಮ? ಅಷ್ಟು ದೂರದಿಂದ ಹೇಗೆ ತಂದೆ?"

"ಸೈಕಲ್ಲಲ್ಲಿ, ಸರ್."

"ಆ ದೊಡ್ಡ ಸರ್ಕಲ್ಲು?"

ಏಳು ತಿಂಗಳು ನಾಲಗೆಯ ಮೇಲೆ ಹೊರಳಿ ಹೊರಳಿ ನುಣುಪಾದ ಮಾತು ಅವಳು ತಡೆಯುವ ಮೊದಲೇ ಹೊರಬಿತ್ತು. "ನಾನೊಬ್ಬಳೇ ದಾಟ್ಕೊಂಡು ಬಂದೆ."

"ಶಭಾಷ್!" ಎಂದರು ಮೇಷ್ಟ್ರು. ಶಕಾರವೂ ಷಕಾರವೂ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ನುಡಿದವು. ಆ ಸದ್ದಿಗೆ ತಾವೇ ಬೆರಗಾಗಿ, ಇನ್ನೊಮ್ಮೆ, ಇನ್ನೂ ಜೋರಾಗಿ, "ಶಭಾಷ್, ಮಗಳೇ!" ಎಂದರು. ಸೊಸೆ ಚಪ್ಪಾಳೆ ತಟ್ಟಿದಳು. ಡಾಕ್ಟರರು, "ಒಂದು ಚೂರೂ ಸೋರ್ತಾ ಇಲ್ಲ," ಎಂದು ಬರೆದುಕೊಂಡರು. ಅವಳು ಡಬ್ಬಿಯ ಮುಚ್ಚಳವನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಲ್ಯಾಬಿಗೆ ಬಂದು, ಸೈಕಲ್ಲನ್ನು ಎಂದಿನಂತೆ ಕಿಟಕಿಯ ಹೊರಗೆ ಗೋಡೆಗೆ ಒರಗಿಸಿ, ತನ್ನ ಸ್ಟೂಲಿನ ಮೇಲೆ ಕುಳಿತಾಗ ಮಧ್ಯಾಹ್ನ ಒಂದು ಗಂಟೆ. ಅರ್ಧ ಮುಗಿದ ಅಚ್ಚೊಂದನ್ನು ಎಳೆದುಕೊಂಡು, ಮೇಣದಲ್ಲಿ ಮುಂಬಲ್ಲುಗಳನ್ನು ಒಂದೊಂದಾಗಿ ನೆಡತೊಡಗಿದಳು.

"ದಾಟಿದ್ಯೇನೇ?" ಬಲಗಡೆಯಿಂದ ಮೇಣದಕ್ಕ ಪಿಸುಗುಟ್ಟಿದಳು.

"ಹೂಂ."

"ಸೈಕಲ್ ಮೇಲೇ?"

"ಸೈಕಲ್ ಮೇಲೇ."

"ನಾನು ಹೇಳ್ಲಿಲ್ವಾ! ಕನ್ನಡಿ ಚೆನ್ನಾಗಿ ಕಾಣ್ತಾ?"

"ಎಲ್ಲಾ ಚೆನ್ನಾಗಿ ಕಾಣ್ತು, ಅಕ್ಕ."

ಮೇಣದಕ್ಕ ಇನ್ನೂ ಏನನ್ನೋ ಕೇಳಲು ಬಾಯಿ ತೆರೆದು ಕಾದಳು. ಬೇರೆ ದಿನವಾದರೆ ಸ್ಟೂಲಿನ ಸಮೇತ ಇಡೀ ಮೈಯನ್ನು ಈ ಕಡೆ ತಿರುಗಿಸಿ ಮಾತಾಡುವವಳು ಇವತ್ತು ತಿರುಗಲಿಲ್ಲ. ಮೇಣದಕ್ಕ ತೆರೆದ ಬಾಯನ್ನು ಮೆಲ್ಲಗೆ ಮುಚ್ಚಿಕೊಂಡು, ಒಲೆಯ ಉರಿಯನ್ನು ಸಣ್ಣದು ಮಾಡಿದಳು.

ಸಂಜೆಯ ಹೊತ್ತಿಗೆ ಹೊರಗೆ ಬಿಸಿಲು ಕಿಟಕಿಯ ಮಟ್ಟಕ್ಕೆ ಇಳಿದಿತ್ತು. ಹ್ಯಾಂಡಲ್ಲಿನ ಕನ್ನಡಿಯಿಂದ ನಾಣ್ಯದಗಲದ ಬೆಳಕೊಂದು ಒಳಗೆ ಬಿದ್ದು, ಗೋಡೆಯ ಮೇಲೆ, ಸಾಲಾಗಿ ಒಣಗಲಿಟ್ಟ ಪ್ಲಾಸ್ಟರಿನ ಬಾಯಿಗಳ ಮೇಲೆ ನಿಂತಿತ್ತು. ರಸ್ತೆಯಲ್ಲಿ ಬಸ್ಸು ಹೋದಾಗಲೆಲ್ಲ ಅದು ನಡುಗುತ್ತಿತ್ತು. ಬಸ್ಸು ಹೋದ ಮೇಲೆ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು.