ನೀರು ಕುಡಿದ ಗೋಡೆ

ನೀರಕ್ಕನ ಬೆರಳಸಂದಿಗಳು ನೀರಿನಲ್ಲಿ ನೆನೆದೂ ನೆನೆದೂ ಬೆಳ್ಳಗೆ ಕೊಳೆತಿದ್ದವು. ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು. ಕಟ್ಟುತ್ತಿದ್ದ ಆರು ಅಂತಸ್ತಿನ ಮನೆಗಳ ಹಸಿ ಗೋಡೆಗಳಿಗೆಲ್ಲ ದಿನಕ್ಕೆ ಮೂರು ಸಲ ಪೈಪು ಹಿಡಿಯುವುದು ಅವಳ ಕೆಲಸ. ಹೊಸ ಗಾರೆ ಹತ್ತು ದಿನ ನೆನೆಯಬೇಕು. ನೆನೆಯದಿದ್ದರೆ ಒಣಗುತ್ತದೆ, ಗಟ್ಟಿಯಾಗುವುದಿಲ್ಲ. ಒಣಗುವುದೇ ಬೇರೆ, ಗಟ್ಟಿಯಾಗುವುದೇ ಬೇರೆ ಎಂಬುದು ಅವಳು ಹದಿನೆಂಟು ವರ್ಷದಲ್ಲಿ ಕಲಿತ ವಿದ್ಯೆ. ಎಲ್ಲರಿಗೂ ಅವಳು ನೀರಕ್ಕ; ಅವಳಿಗೊಂದು ನಿಜವಾದ ಹೆಸರೂ ಇತ್ತು. ಕರೆಯುವವರಿಲ್ಲದೆ ಅದು ಮೂಲೆ ಸೇರಿತ್ತು.

ಅದು ಒಂಟಿ ಕೆಲಸ. ಗಾರೆಯವರು ಗುಂಪಾಗಿ ಬರುತ್ತಾರೆ, ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ, ನಗುತ್ತಾರೆ. ಅವರು ಒಂದು ಕೋಣೆ ಮುಗಿಸಿ ಹೊರಟ ಮೇಲೆ ನೀರಕ್ಕ ಒಳಗೆ ಕಾಲಿಡುತ್ತಾಳೆ. ಕದವಿಲ್ಲದ ಬಾಗಿಲು, ಕಂಬಿಯಿಲ್ಲದ ಕಿಟಕಿ, ನಾಲ್ಕು ಗೋಡೆ. ಗಂಡ ತೀರಿಕೊಂಡು ಏಳು ವರ್ಷವಾಗಿತ್ತು. ಮಗಳು ಕೊಟ್ಟ ಮನೆಯಲ್ಲಿ ಹೇಗಿದ್ದಾಳೋ, ಫೋನು ಮಾಡಿದರೆ "ಚೆನ್ನಾಗಿದೀನಮ್ಮ, ಇಡ್ತೀನಿ" ಎನ್ನುತ್ತಿದ್ದಳು. ಹಾಗಾಗಿ ನೀರಕ್ಕ ಗೋಡೆಗಳ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಳು.

"ಕುಡಿ, ಕುಡಿ. ನಾಚ್ಕೋಬೇಡ. ಪಕ್ಕದ ಕೋಣೆಯವನು ನಿನ್ನ ಎರಡರಷ್ಟು ಕುಡಿದ."

ಗೋಡೆ ಸುಂಯ್ ಎಂದು ನೀರೆಳೆದುಕೊಳ್ಳುತ್ತಿತ್ತು. ಅವಳ ಮಾತಿಗೆ ಓಗೊಡಲು ಅಷ್ಟೇ ಇದ್ದದ್ದು.

ಮೊದಲು ಖರ್ಚಿನ ಅಂದಾಜು ಬರೆಯುತ್ತಿದ್ದವರು ಅಳತೆ ಮೇಷ್ಟ್ರು. ಕಿವಿಯ ಮೇಲೆ ಪೆನ್ಸಿಲ್ಲು ಸಿಕ್ಕಿಸಿಕೊಂಡು ಕಟ್ಟಡವನ್ನೆಲ್ಲ ಸುತ್ತಿ ಬರೆಯುತ್ತಿದ್ದರು. ಇಟ್ಟಿಗೆ, ಸಿಮೆಂಟು, ಕಬ್ಬಿಣ ಎಲ್ಲ ಬರೆದಾದ ಮೇಲೆ ಕೊನೆಗೊಂದು ಸಾಲು ಸೇರಿಸುತ್ತಿದ್ದರು: ಗೋಡೆಗೆ ನೀರು, ಹತ್ತು ದಿನ, ಒಬ್ಬಳು. ಆ ಒಂದು ಸಾಲಿನಲ್ಲಿ ನೀರಕ್ಕನ ಬದುಕು ನಿಂತಿತ್ತು. ಈ ಕಟ್ಟಡದ ಮೂರು ಅಂತಸ್ತು ಮುಗಿದಾಗ ಮೇಷ್ಟ್ರನ್ನು ಮನೆಗೆ ಕಳಿಸಿದರು. ಉಳಿದ ಅಂದಾಜು ಕಂಪ್ಯೂಟರೇ ಮಾಡುತ್ತದೆ ಎಂದರು.

ಹೊಸದಾಗಿ ಬಂದ ಎಂಜಿನಿಯರ್ ಹುಡುಗಿ ಒಳ್ಳೆಯವಳು. ಕೈಯಲ್ಲಿದ್ದ ಹಲಗೆಯಂಥ ಪರದೆಯನ್ನು ನೀರಕ್ಕನಿಗೂ ತೋರಿಸಿದಳು. ಇಡೀ ಕಟ್ಟಡ ಅದರೊಳಗೆ ನಿಂತಿತ್ತು. ಬೆರಳು ತಾಗಿಸಿದರೆ ತಿರುಗುತ್ತಿತ್ತು, ಗೋಡೆ ಸರಿದು ಒಳಗಿನ ಕೊಳಾಯಿಯೂ ಕಾಣುತ್ತಿತ್ತು.

"ಕಟ್ಟಡದಲ್ಲಿ ಏನೇನಿರುತ್ತೋ ಎಲ್ಲಾ ಇದರಲ್ಲಿದೆ ಅಕ್ಕ. ಎಷ್ಟು ಸಾಮಾನು, ಎಷ್ಟು ಖರ್ಚು, ಅದೇ ಲೆಕ್ಕ ಹಾಕುತ್ತೆ."

"ನಾನು ಯಾವ ಕೋಣೇಲಿದೀನಿ ತೋರ್ಸವ್ವ," ನೀರಕ್ಕ ತಮಾಷೆಗೆ ಕೇಳಿದಳು.

ಹುಡುಗಿ ನಕ್ಕಳು. ಆಮೇಲೆ ಪಟ್ಟಿಯನ್ನು ಮೇಲಿಂದ ಕೆಳಗೆ ಸರಿಸಿದಳು. ಇನ್ನೊಮ್ಮೆ ಸರಿಸಿದಳು. ನಗು ಇಳಿಯಿತು.

"ನೀರು ಹಾಕೋದು ಇಲ್ಲಿ ಬಂದಿಲ್ಲ. ಕೆಲಸ ಮುಗಿದ ಮೇಲೆ ಉಳಿಯೋದನ್ನ ಮಾತ್ರ ಇದು ಎಣಿಸುತ್ತೆ. ನೀರು ಆರಿಹೋಗುತ್ತಲ್ಲ. ಅದನ್ನ ನಾವೇ ಸೇರಿಸ್ಬೇಕು. ಸಾರ್‌ಗೆ ಹೇಳ್ತೀನಿ."

ಹೇಳಿದಳು. ಕಂಟ್ರಾಕ್ಟರ್ ಕಿವಿಗೇ ಹಾಕಿಕೊಳ್ಳಲಿಲ್ಲ. ಯಂತ್ರ ಬಿಟ್ಟದ್ದನ್ನು ಸೇರಿಸಲು ಒಬ್ಬ ಮನುಷ್ಯ ಬೇಕಿತ್ತು. ಇವನಿಗೆ ಆ ಮರೆವಿನಲ್ಲಿ ಲಾಭ ಕಂಡಿತ್ತು.

"ಪಟ್ಟೀಲಿಲ್ಲ ಅಂದ್ರೆ ಬೇಡ ಅಂತಾನೇ ಅರ್ಥ," ಎಂದು ನೀರಕ್ಕನ ಕಡೆ ತಿರುಗಿದ. "ಕಂಪ್ಯೂಟರ್‌ಗೇನು ನಿನ್ನ ಮೇಲೆ ಹಗೆನಾ? ನಾಳೆಯಿಂದ ಮರಳು ಜರಡಿ ಹಿಡಿ."

"ಸಾರ್, ನೀರಿಲ್ದೆ ಗಾರೆ..." ಎಂದು ಗಾರೆಯವರಲ್ಲಿ ಹಿರಿಯನಾದ ಗಾರೆಯಣ್ಣ ಬಾಯಿ ತೆರೆದ.

"ನೀನು ಬಳಿಯೋದನ್ನ ಬಳಿ."

ಗಾರೆಯಣ್ಣ ಬಾಯಿಗೆ ಬೀಗ ಹಾಕಿಕೊಂಡ. ಪೈಪನ್ನು ಸುತ್ತಿ ಉಗ್ರಾಣದಲ್ಲಿಟ್ಟು ಅದಕ್ಕೂ ಬೀಗ ಹಾಕಿದರು.

ನಾಲ್ಕನೇ ಅಂತಸ್ತಿನ ಗೋಡೆಗಳಿಗೆ ಗಾರೆ ಬಳಿದರು. ನೀರಕ್ಕ ಕೆಳಗೆ ಜರಡಿ ಅಲ್ಲಾಡಿಸುತ್ತ ಮೇಲೆ ನೋಡುತ್ತಿದ್ದಳು. ಬಿಸಿಲು ಆ ಕಿಟಕಿಗಳ ಒಳಕ್ಕೆ ಇಳಿಯುತ್ತಿತ್ತು. ಊಟದ ಬಿಡುವಿನಲ್ಲಿ ಯಾರಿಗೂ ಹೇಳದೆ ಎರಡು ಬಿಂದಿಗೆ ಹೊತ್ತು ನಾಲ್ಕು ಅಂತಸ್ತು ಹತ್ತಿದಳು. ಎರಡು ಬಿಂದಿಗೆಗೆ ಒಂದೇ ಗೋಡೆ ನೆನೆದದ್ದು, ಅಡುಗೆಮನೆಯದು. ಉಳಿದವು ಬೆಳ್ಳಗೆ ಒಣಗಿ ಅವಳನ್ನೇ ನೋಡಿದವು.

"ನನ್ನ ಕೈಲಿ ಇಷ್ಟೇ ಆಗೋದು," ಎಂದಳು. ಅಲ್ಲೇ ಕೂತು ಅತ್ತಳು. ಅಳು ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಮುಖ ಒರೆಸಿಕೊಂಡು ಇಳಿದಳು. ಹತ್ತು ದಿನವೂ ಊಟ ಬಿಟ್ಟು ಅದೊಂದೇ ಗೋಡೆಗೆ ನೀರು ಹೊತ್ತಳು.

ತಿಂಗಳು ಕಳೆಯುವುದರೊಳಗೆ ನಾಲ್ಕನೇ ಅಂತಸ್ತಿನ ಗೋಡೆಗಳ ಮೇಲೆ ಕೂದಲೆಳೆಯಂಥ ಬಿರುಕುಗಳು ಎದ್ದವು. ಮನೆ ಕೊಂಡವರು ಬಂದು ಮೊಳೆಯಲ್ಲಿ ಗೀಚಿದರು. ಗಾರೆ ಪುಡಿಪುಡಿಯಾಗಿ ಉದುರಿತು. ಅವರು ಕೂಗಾಡಿ ಹೋದ ಮೇಲೆ ಕಂಟ್ರಾಕ್ಟರ್ ಎಲ್ಲರನ್ನೂ ಕೆಳಗೆ ಕರೆಸಿದ. ಮೇಜಿನ ಮೇಲೆ ಒಂದು ಹಾಳೆ, ಪಕ್ಕದಲ್ಲಿ ಮಸಿಯ ಡಬ್ಬಿ.

"ಹೆಬ್ಬೆಟ್ಟು ಒತ್ತು," ನೀರಕ್ಕನಿಗೆ ಹೇಳಿದ.

"ಏನು ಬರೆದಿದೆ ಸಾರ್?"

ಎಂಜಿನಿಯರ್ ಹುಡುಗಿ ತಲೆ ತಗ್ಗಿಸಿ ಓದಿದಳು. ಗಾರೆ ಹಾಳಾಗಲು ಕಾರಣ ನೀರು ಹಾಕುವವಳ ನಿರ್ಲಕ್ಷ್ಯ. ನಷ್ಟಕ್ಕೆ ಅವಳೇ ಹೊಣೆ. ಅವಳನ್ನು ಕೆಲಸದಿಂದ ತೆಗೆಯಲಾಗಿದೆ. ಕೆಳಗೆ ಅವಳ ನಿಜವಾದ ಹೆಸರಿತ್ತು, ಗಂಡನ ಹೆಸರಿನ ಸಮೇತ. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಅಷ್ಟು ಪೂರ್ತಿಯಾಗಿ ಬರೆದಿರಲಿಲ್ಲ.

ಈ ಗುರುತು ಬಿದ್ದರೆ ಇನ್ನೆಲ್ಲೂ ಅವಳನ್ನು ಕೆಲಸಕ್ಕೆ ಕರೆಯುವುದಿಲ್ಲ. ನೀರಕ್ಕ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಮೇಲೆ ಬನ್ನಿ ಸಾರ್. ಅಡುಗೆಮನೆ ಗೋಡೆ ಗೀಚಿ ನೋಡಿ."

"ಅಲ್ಲೇನಿದೆ?"

"ನಾನಿದೀನಿ."

ಕಂಟ್ರಾಕ್ಟರ್ ಅಲ್ಲಾಡಲಿಲ್ಲ. ಹುಡುಗಿ ಓಡಿದಳು, ಹಿಂದೆಯೇ ಗಾರೆಯಣ್ಣ. ಸ್ವಲ್ಪ ಹೊತ್ತಿಗೆ ಇಬ್ಬರೂ ಇಳಿದು ಬಂದರು. ಹುಡುಗಿಯ ಕೈಯಲ್ಲಿದ್ದ ಮೊಳೆ ಬಾಗಿತ್ತು.

"ಅದೊಂದು ಗೋಡೆ ಕಲ್ಲಾಗಿದೆ ಸಾರ್," ಎಂದಳು.

"ಬಿಂದಿಗೇಲಿ ಹೊತ್ತು ಕುಡಿಸಿದೀನಿ," ನೀರಕ್ಕ ಹೇಳಿದಳು. "ಕೆಲಸದ ಹಾಳೇಲಿ ನಾನಿಲ್ಲ ಅಂದ್ರಿ. ತಪ್ಪಿನ ಹಾಳೆಗೆ ಹೇಗೆ ಬಂದೆ? ಮೊದಲು ಅದ್ರಲ್ಲಿ ಬರೀರಿ ಸಾರ್. ಆಮೇಲೆ ಇದಕ್ಕೆ ಒತ್ತೋದಾ ಬೇಡ್ವಾ ಮಾತಾಡೋಣ."

ಗಾರೆಯಣ್ಣ ಮುಂದೆ ಬಂದು ತಾನು ಗಾರೆ ಬಳಿಯುವ ಕರಣೆಯನ್ನು ಆ ಹಾಳೆಯ ಮೇಲಿಟ್ಟ.

"ಅವತ್ತೇ ಗೊತ್ತಿತ್ತಕ್ಕ. ಬಾಯಿ ಮುಚ್ಕೊಂಡೆ. ತಪ್ಪು ನಂದೂ ಇದೆ."

ಅಂಗಳದಲ್ಲಿ ಗಡಗಡ ತಿರುಗುತ್ತಿದ್ದ ಕಾಂಕ್ರೀಟು ಮಿಕ್ಸರು ನಿಂತಿತು. ಕಂಟ್ರಾಕ್ಟರ್ ಸರ್ರನೆ ತಿರುಗಿದ.

"ಯಾರೋ ಅದು ನಿಲ್ಲಿಸಿದ್ದು?"

ಇಟ್ಟಿಗೆ ರಾಶಿಯ ಹಿಂದಿನಿಂದ ಕೂಲಿ ಹೆಂಗಸೊಬ್ಬಳ ದನಿ ಬಂತು.

"ಪಟ್ಟೀಲಿ ನೋಡ್ಕೊಳಿ ಸಾರ್."